ನನ್ನ ಜಾಗದಲ್ಲಿ ಆಡಿದವನು

ಅಲ್ಲಿಯವರೆಗೆ ಸಿಮೆಂಟ್ ಕೋರ್ಟಿನಲ್ಲೇ ಬಾಸ್ಕೆಟ್‌ಬಾಲ್ ಆಡಿದ್ದ ಕುಂದಾಣ ಅನ್ನೋ ಹಳ್ಳಿಯ ಹುಡುಗ, ನಮ್ಮ ಕ್ಲಬ್ಬಿಗೆ ಸೇರಿದ ದಿನ ಮರದ ನೆಲದ ಹೊಳಪು ನೋಡಿ ಶೂ ಬಾಗಿಲಲ್ಲೇ ಬಿಟ್ಟು ಬಂದ. ನಾವು ನಕ್ಕರೆ "ಇರ್ಲಿ ಬಿಡ್ರೋ" ಅಂದ. ಬಾಲು ತಪ್ಪಿದರೂ ಅದೇ ಮಾತು. ಲೀಗಿನ ಪ್ರತಿ ಮ್ಯಾಚಿಗೂ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಇಳಿಯುತ್ತಿದ್ದ. ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಇಡೀ ಟೀಮು ಮುಟ್ಟುತ್ತಿತ್ತು. ಅವನಿಗೆ ನನ್ನ ಜಾಗ ಕೊಟ್ಟು ಬೆಂಚಿನಲ್ಲಿ ಕೂತಿದ್ದ ನಾನೂ ಹೊಟ್ಟೆ ಉರಿದುಕೊಂಡೇ ಮುಟ್ಟಿದೆ.

ಫೈನಲ್‌ನಲ್ಲಿ ಅವನ ಕಾಲು ಉಳುಕಿತು. ಬದಲಿಗೆ ಇಳಿದ ನಾನು ಕೊನೆಯ ಬಾಸ್ಕೆಟ್ ಹಾಕಿ ಗೆಲ್ಲಿಸಿದೆ. ನನ್ನಪ್ಪ ಗ್ಯಾಲರಿಯಿಂದ ಇಳಿದು ಬಂದು, ನನ್ನನ್ನು ದಾಟಿ ಹೋಗಿ, ಅವನ ಪಕ್ಕ ಕೂತರು. "ನೋಯ್ತಿದೆಯೇನಪ್ಪಾ?"

"ಇರ್ಲಿ ಬಿಡಿ ಅಂಕಲ್, ನಿಮ್ಮ ಮಗ ಗೆಲ್ಸಿದ್ನಲ್ಲ" ಅಂದ.

ಅದನ್ನೂ ಅಪ್ಪನಿಗೆ ಅವನೇ ಹೇಳಬೇಕಾಯಿತು.