ಇಪ್ಪತ್ತೆರಡು ಹೆಜ್ಜೆ

ನನ್ನ ಸೋದರಮಾವ ಕೃಷಿ ಕಚೇರಿಯಲ್ಲಿ ಹೊಲ ಅಳೆಯುವ ಕೆಲಸದಲ್ಲಿದ್ದ. ಬಿತ್ತಿದ ನೆಲ ಎಷ್ಟೋ ಅಷ್ಟಕ್ಕೇ ಸರ್ಕಾರದ ಸಹಾಯಧನ. ಅದು ಎಷ್ಟೆಂದು ಬರೆದುಕೊಡಬೇಕಾದವನು ಅವನು. ಕಚೇರಿಯಲ್ಲಿ ಟೇಪು ಇತ್ತು, ಅದರ ಇನ್ನೊಂದು ತುದಿ ಹಿಡಿಯಲು ಆಳಿರಲಿಲ್ಲ. ಹಾಗಾಗಿ ಮಾವ ನಡೆದೇ ಅಳೆಯುತ್ತಿದ್ದ. ಅವನ ಒಂದು ಹೆಜ್ಜೆಗೆ ಎರಡೂವರೆ ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಪ್ರತಿ ವರ್ಷ ಕೆಲಸ ಶುರುವಾಗುವ ಮುನ್ನ ಕಚೇರಿಯ ಐವತ್ತು ಅಡಿ ಉದ್ದದ ಪಡಸಾಲೆಯಲ್ಲಿ ನಡೆದು ನೋಡುತ್ತಿದ್ದ. ಸರಿಯಾಗಿ ಇಪ್ಪತ್ತು ಹೆಜ್ಜೆಗೆ ಎದುರಿನ ಗೋಡೆ. ಮೂವತ್ತು ವರ್ಷ ಇದೇ ಲೆಕ್ಕ.

ಊರಿಗೆಲ್ಲ ಅವನು ‘ಅಳತೆ ಮಾವ’. ಅವನು ಹೆಜ್ಜೆ ಹಾಕಿದನೆಂದರೆ ಎಂಥ ಜಗಳಗಂಟರೂ ಬಾಯಿ ಮುಚ್ಚುತ್ತಿದ್ದರು. ಅತ್ತೆ ಮಾತ್ರ, “ಊರ ಹೊಲ ಎಲ್ಲಾ ಅಳೀತಾರೆ, ಅಂಗಡಿಗೆ ಎಷ್ಟು ದೂರ ಅಂತ ಮಾತ್ರ ಗೊತ್ತಿಲ್ಲ” ಎಂದು ಕಾಲೆಳೆಯುತ್ತಿದ್ದಳು.

ಒಮ್ಮೆ ಸೈಕಲ್ಲಿನಿಂದ ಬಿದ್ದು ಮಂಡಿ ಮುರಿದುಕೊಂಡ. ಗುಣವಾಗಿ ಕೆಲಸಕ್ಕೆ ಬಂದಾಗ ಪಡಸಾಲೆ ತುಂಬ ಗೊಬ್ಬರದ ಚೀಲ ಪೇರಿಸಿದ್ದರು. ಮೂವತ್ತು ವರ್ಷದ ಹೆಜ್ಜೆಯನ್ನು ಪರೀಕ್ಷಿಸುವುದೇನು ಎಂದುಕೊಂಡು ನೇರ ಹೊಲಕ್ಕೇ ಬಂದ.

ಪ್ರತಿ ಸಲ ಮೊದಲು ಅಳೆಯುವುದು ನಮ್ಮ ಹೊಲ. ಅದರ ಉದ್ದ ನೂರು ಹೆಜ್ಜೆ; ಚಿಕ್ಕಂದಿನಿಂದ ಅವನ ಹಿಂದೆ ಎಣಿಸುತ್ತ ಓಡಿದವಳು ನಾನು. ಆ ಸಲ ನೂರಹತ್ತು ಬಂತು.

“ಅಂಚಿನ ಬೀಳು ನೆಲಾನೂ ಬಿತ್ತಿದ್ದೀಯೇನೇ?” ಎಂದು ಕೇಳಿದ.

“ಹೂಂ ಮಾವ” ಎಂದೆ.

ಬಿತ್ತಿರಲಿಲ್ಲ. ಅವನ ಎಡಗಾಲು ಎಳೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಹೇಳಿದರೆ ನೊಂದುಕೊಳ್ಳುತ್ತಾನೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಹೆಚ್ಚಿನ ಹಣ ಬೇಕಿತ್ತು. ಮರುವರ್ಷವೂ ಸುಮ್ಮನಿದ್ದೆ.

ಮೂರನೆಯ ವರ್ಷ, ಅವನ ನಿವೃತ್ತಿಗೆ ಮೂರು ತಿಂಗಳಿರುವಾಗ, ಚೀಲಗಳು ಖಾಲಿಯಾದವು. ಮಾವ ಪಡಸಾಲೆಯಲ್ಲಿ ನಡೆದ. ಇಪ್ಪತ್ತಕ್ಕೆ ಗೋಡೆ ಸಿಗಲಿಲ್ಲ, ಇಪ್ಪತ್ತೆರಡಕ್ಕೆ ಸಿಕ್ಕಿತು. ತಿರುಗಿ ನಡೆದ. ಮತ್ತೆ ಇಪ್ಪತ್ತೆರಡೇ. ಹೆಜ್ಜೆ ಚಿಕ್ಕದಾಗಿತ್ತು, ಊರಿನ ಹೊಲಗಳೆಲ್ಲ ಕಾಗದದ ಮೇಲೆ ದೊಡ್ಡದಾಗಿದ್ದವು.

“ಮೂರು ತಿಂಗಳು ಕಣ್ಮುಚ್ಚಿಕೊಂಡು ಕಳೆದುಬಿಡಿ, ಯಾರಿಗೆ ಗೊತ್ತಾಗತ್ತೆ?” ಎಂದರಂತೆ ಅಧಿಕಾರಿ.

“ನನಗೆ ಗೊತ್ತಾಯ್ತಲ್ಲ ಸ್ವಾಮಿ” ಎಂದು ಮಾವ ತನ್ನ ತಪ್ಪನ್ನು ತಾನೇ ಬರೆದುಕೊಟ್ಟ. ಹೆಚ್ಚು ಹೋದದ್ದನ್ನು ಮುಂದಿನ ಕಂತಿನಲ್ಲಿ ಮುರಿದುಕೊಳ್ಳುವುದೆಂದು ಆದೇಶವಾಯಿತು. ಅವನನ್ನು ಕಂಡರೆ ಮಾತಾಡಿಸದೆ ಹೋಗುವವರು ಹುಟ್ಟಿಕೊಂಡರು.

ಟೇಪು ಹಿಡಿದು ಮೊದಲು ನಮ್ಮ ಹೊಲಕ್ಕೇ ಬಂದ. ಒಂದು ತುದಿ ನನ್ನ ಕೈಗೆ ಕೊಟ್ಟ. ಸರಿಯಾಗಿ ಇನ್ನೂರೈವತ್ತು ಅಡಿ.

“ಅಂಚು ಬಿತ್ತಿರಲಿಲ್ಲ, ಅಲ್ವಾ?”

“ಇಲ್ಲ ಮಾವ.”

“ಹಿಂದೇನೇ ಬರ್ತಿದ್ದೆ. ಎಣಿಸಿರ್ತೀಯ.”

“ಎಣಿಸಿದ್ದೆ.”

ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

“ಆ ವರ್ಷ ನಿಮ್ಮದಾದ್ಮೇಲೆ ಹೋದ ಮೂವತ್ತೈದು ಹೊಲದಲ್ಲೂ ಜಾಸ್ತಿ ಬಂತು. ಕೇಳಿದ್ರೆ ಎಲ್ಲರೂ ಹೂಂ ಅಂದ್ರು. ನನ್ನ ಕಾಲ ಮೇಲೇ ಅನುಮಾನ ಬಂತು ಕಣೇ. ಆದ್ರೆ ನೀನೂ ಹೂಂ ಅಂದಿದ್ದೆಯಲ್ಲ, ಅದಕ್ಕೇ ನಂಬಿದೆ.”

ಟೇಪಿನ ತುದಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಮಣ್ಣು ಒರೆಸಿ, ಪಕ್ಕದ ಹೊಲದತ್ತ ನಡೆದ. ಈ ಸಲ ನಾನು ಅವನ ಹಿಂದೆ ಹೋಗಲಿಲ್ಲ.