ಅಣ್ಣುವಿನ ತೊಟ್ಟಿ

ಅಣ್ಣು ತಮ್ಮ ಜನ್ಮದಲ್ಲಿ ಒಂದು ಮೀನನ್ನೂ ಕೊಂದವರಲ್ಲ. ಅವರ ಕೈಯಿಂದ ಆ ಕೆಲಸ ಮಾಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದಿಟ್ಟುಕೊಂಡರೆ ಜಾರಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಮಾಟುಂಗ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅವರು ಕಾಫಿ ಮಾಡುತ್ತಿದ್ದರು. ಮಲ್ಪೆ ಕಡೆಯ ಮೊಗವೀರರು, ಮೀನು ಹಿಡಿಯುವ ಜನ. ಮದುವೆಯಿಲ್ಲ, ಮಕ್ಕಳಿಲ್ಲ, ಹೋಟೆಲಿನ ಮಾಳಿಗೆಯಲ್ಲೇ ವಾಸ. ಮಾತು ಕಡಿಮೆ. ನಾನು ವನಮಾಲಾ, ಮೈಸೂರಿನವಳು. ಸಯನ್ನಿನಲ್ಲಿ ಮನೆ, ಮಾಟುಂಗದಲ್ಲಿ ಇನ್ಶೂರೆನ್ಸ್ ಆಫೀಸು. ಸಂಜೆ ಅವರ ಕೈಯ ಒಂದು ಲೋಟ ಕಾಫಿ ಕುಡಿಯದೆ ಲೋಕಲ್ ರೈಲು ಹತ್ತಿದರೆ ನನಗೆ ತಲೆ ಸಿಡಿಯುತ್ತಿತ್ತು. ಅಷ್ಟು ವರ್ಷ ಕಾಫಿ ಕುಡಿದೆನೇ ಹೊರತು ಆ ಮನುಷ್ಯ ಯಾರು, ಏನು ಎಂದು ಒಂದು ದಿನವೂ ಕೇಳಿದವಳಲ್ಲ.

ಎಂಬತ್ತಮೂರರಲ್ಲಿ ನನ್ನ ಮಗಳು ಶಾಮಲಾಳಿಗೆ ಏಳು ವರ್ಷ. ಹಟ ಹಿಡಿದು ಎರಡು ಗೋಲ್ಡ್‌ಫಿಶ್ ತರಿಸಿಕೊಂಡಳು, ಜೊತೆಗೊಂದು ಗುಂಡಗಿನ ಗಾಜಿನ ಬುರುಡೆ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಪದ್ಧತಿ ಒಂದಿತ್ತು. ಬೆಳಿಗ್ಗೆ ನಲ್ಲಿ ಬಂದ ಕೂಡಲೇ ನಿನ್ನೆಯ ನೀರನ್ನೆಲ್ಲ ಚೆಲ್ಲಿ, ಬಿಂದಿಗೆ ಬೆಳಗಿ, ಹೊಸ ನೀರು ಹಿಡಿಯಬೇಕು. ರಾತ್ರಿ ಕಳೆದ ನೀರು ತಂಗಳು. ಅದು ದೇವರಿಗೂ ಆಗದು, ಅಡುಗೆಗೂ ಆಗದು. ಹಾಗಿರುವಾಗ ಮಗುವಿನ ಮೀನನ್ನು ತಂಗಳು ನೀರಿನಲ್ಲಿ ಹೇಗೆ ಬಿಡುವುದು? ನಾನು ದಿನಾ ಬುರುಡೆಯನ್ನು ಪಾತ್ರೆ ತಿಕ್ಕುವ ಹಾಗೆ ತಿಕ್ಕಿ, ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುವ ಹೊಸ ನೀರು ತುಂಬುತ್ತಿದ್ದೆ. ಐದನೇ ದಿನ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಮಗಳು ಊಟ ಬಿಟ್ಟಳು.

ಸಂಜೆ ಹೋಟೆಲಿನಲ್ಲಿ, ಅಂಗಡಿಯವನು ಮೋಸಗಾರ, ರೋಗದ ಮೀನು ಕೊಟ್ಟ ಎಂದು ನಾನು ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದೆ. ಅಣ್ಣು ಕಾಫಿ ಲೋಟ ಇಟ್ಟವರು ಅಲ್ಲೇ ನಿಂತರು.

“ಅಮ್ಮ, ಅದಕ್ಕೆ ಯಾವಾಗಿನ ನೀರು ಹಾಕ್ತೀರಿ?”

“ಇದೇನ್ರೀ ಹೀಗ್ ಕೇಳ್ತೀರಾ? ದಿನಾ ಫ್ರೆಶ್ ನೀರೇ ಹಾಕೋದು. ನಮ್ಮನೇಲಿ ತಂಗಳು ನೀರು ಇಡೋದೇ ಇಲ್ಲ.”

“ಅಲ್ಲೇ ಎಡವಟ್ಟಾದದ್ದು. ನಿಮಗೆ ತಂಗಳಾದದ್ದೇ ಅದಕ್ಕೆ ಬೇಕಾದದ್ದು. ನಲ್ಲಿ ನೀರಲ್ಲಿ ಮದ್ದು ಉಂಟಲ್ಲ, ಬಕೆಟಲ್ಲಿ ಹಿಡಿದು ಒಂದು ದಿನ ತೆರೆದಿಡಿ. ಮತ್ತೆ ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಜೀವ ತಡೀಲಿಕ್ಕಿಲ್ಲ.”

ಮಡಿ, ಶುಚಿ ಎಂದು ಹೆಮ್ಮೆಪಡುತ್ತ ನಾನೇ ಆ ಮೀನನ್ನು ಕೊಂದಿದ್ದೆ. ಉಳಿದ ಒಂದನ್ನು ಅವರು ಹೇಳಿದಂತೆ ನೋಡಿಕೊಂಡೆ, ಅದು ಬದುಕಿತು. ಶಾಮಲಾ ಅದನ್ನು ‘ಸೋನು’ ಎಂದು ಕರೆದಳು. ಎರಡು ವರ್ಷದಲ್ಲಿ ಸೋನು ನನ್ನ ಅಂಗೈಯಷ್ಟು ಬೆಳೆದು, ಬುರುಡೆಯಲ್ಲಿ ತಿರುಗಲೂ ಆಗದೆ ಗಾಜಿಗೆ ಮೂತಿ ತಿಕ್ಕುತ್ತ ನಿಂತಿತು. “ಇದು ಜೈಲು ಅಮ್ಮ, ನನ್ನಲ್ಲಿಗೆ ತನ್ನಿ,” ಎಂದರು ಅಣ್ಣು.

ಹೋಟೆಲಿನ ಹಿತ್ತಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹಿಂದೆ ಪಾತ್ರೆ ತೊಳೆಯಲು ನೀರು ತುಂಬಿಸುತ್ತಿದ್ದ ಸಿಮೆಂಟಿನ ತೊಟ್ಟಿ ಅಲ್ಲಿತ್ತು, ಎದೆಯೆತ್ತರ. ಮಾಡಿನ ಮೇಲೆ ಟ್ಯಾಂಕ್ ಬಂದ ಮೇಲೆ ಅದನ್ನು ಯಾರೂ ಕೇಳುವವರಿರಲಿಲ್ಲ. ಅಣ್ಣು ಅದರಲ್ಲಿ ಹತ್ತು ಹನ್ನೆರಡು ಗೋಲ್ಡ್‌ಫಿಶ್ ಸಾಕಿದ್ದರು. ನೆರಳಿಗೆ ನೈದಿಲೆ. ಕಾಗೆ, ಬೆಕ್ಕು ಬಾಯಿ ಹಾಕದಂತೆ ಮೇಲೆ ಬಲೆ. ಮಳೆಗಾಲದಲ್ಲಿ ತೊಟ್ಟಿ ತುಂಬಿ ಮೀನು ಗಟಾರಕ್ಕೆ ಹೋಗದಂತೆ ಅಂಚಿಗೊಂದು ತೂತು, ಅದಕ್ಕೆ ಜಾಲರಿ. ಸೊಳ್ಳೆ ಆಗುತ್ತದೆ ಎಂದು ಎಣ್ಣೆ ಸುರಿಯಲು ಬಂದ ಮುನಿಸಿಪಾಲಿಟಿಯವನು ಅರ್ಧ ಗಂಟೆ ಹುಡುಕಿದರೂ ಮೀನು ತಿನ್ನದೆ ಬಿಟ್ಟ ಒಂದು ಮರಿಹುಳುವೂ ಸಿಗದೆ ಕಾಫಿ ಕುಡಿದು ಹೋದನಂತೆ.

ತಂದ ಪ್ಲಾಸ್ಟಿಕ್ ಚೀಲವನ್ನು ಹಾಗೇ ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರುವವರೆಗೆ ಕಾದು, ಆಮೇಲೆ ಬಾಯಿ ಬಿಚ್ಚಿದರು. ಸೋನು ಜಾರಿಕೊಂಡು ನೈದಿಲೆಯ ಎಲೆಯಡಿ ಹೋಯಿತು. “ಅಮ್ಮಾ, ದೇಖೋ, ಎಷ್ಟು ಫಾಸ್ಟ್!” ಎಂದು ಶಾಮಲಾ ಕುಣಿದಳು. ಅಂದಿನಿಂದ ಶನಿವಾರ ಶನಿವಾರ ಅವಳಿಗೆ ಅದೇ ದೇವಸ್ಥಾನ. ಅಣ್ಣು ಬೆರಳನ್ನು ನೀರಿಗಿಟ್ಟರೆ ಸೋನು ಬಂದು ಚುಂಬಿಸುತ್ತಿತ್ತು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ.

ಹೀಗೆ ಐದು ವರ್ಷ. ತೊಂಬತ್ತರ ಫೆಬ್ರವರಿಯಲ್ಲಿ ಸೋನುವಿಗೆ ಹೊಟ್ಟೆ ಊದಿತು. ಹುರುಪೆಗಳೆಲ್ಲ ಅನಾನಸಿನ ಮೈಯಂತೆ ಎದ್ದು ನಿಂತವು. ಅಣ್ಣು ಅದನ್ನು ಬೇರೆ ಟಬ್ಬಿಗೆ ಹಾಕಿ, ಉಪ್ಪು ಕದಡಿ, ತೆರೆದಿಟ್ಟ ನೀರನ್ನೇ ದಿನಾ ಸ್ವಲ್ಪ ಸ್ವಲ್ಪ ಬದಲಿಸಿ ಮೂರು ವಾರ ಆರೈಕೆ ಮಾಡಿದರು. ಏನೂ ಆಗಲಿಲ್ಲ. ಅದು ಪಕ್ಕಕ್ಕೆ ವಾಲಿ, ಕಣ್ಣು ಹೊರಬಂದು, ಬಾಯಿ ತೆರೆದು ಮುಚ್ಚುತ್ತ ಬಿದ್ದಿತ್ತು. ಶಾಮಲಾ ಟಬ್ಬಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ನೋಡಲಾಗಲಿಲ್ಲ, ಸಂಕಟಕ್ಕೆ ಸಿಟ್ಟು ನೆತ್ತಿಗೇರಿತು.

“ಎಷ್ಟು ದಿನ ಅಂತ ಇದನ್ನ ಹೀಗೆ ನರಳಿಸ್ತೀರಾ?” ಎಂದೆ.

“ಇನ್ನೊಂದೆರಡು ದಿನ ನೋಡುವ ಅಮ್ಮ.”

“ಏನು ನೋಡೋದು? ಮುಗಿಸಿಬಿಡಿ. ನಮ್ಮ ಕೈಲಂತೂ ಆಗಲ್ಲಪ್ಪ, ನಾವು ಹುಳ ತುಳಿದರೂ ರಾಮ ರಾಮ ಅನ್ನೋ ಜನ. ನಿಮಗೇನು, ಮೀನು ಹಿಡಿಯೋರು. ನಿಮ್ಮವರಿಗೆ ಅಭ್ಯಾಸ ಇರತ್ತಲ್ಲ!”

ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಬೀಳ! ಅಡುಗೆಮನೆಯ ಬಾಗಿಲಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಅಣ್ಣು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ, “ಆಯ್ತು ಅಮ್ಮ,” ಎಂದರು.

ಮಗಳನ್ನು ಎಳೆದುಕೊಂಡು ಸ್ಟೇಷನ್ನಿನವರೆಗೆ ಹೋದೆ. ಅಲ್ಲಿ ನೋಡಿದರೆ ಪರ್ಸು ಟಬ್ಬಿನ ಪಕ್ಕದ ಸ್ಟೂಲಿನ ಮೇಲೇ ಮರೆತಿದ್ದೆ. ಮಗಳನ್ನು ಹೂವಿನವಳ ಹತ್ತಿರ ಕೂರಿಸಿ ವಾಪಸ್ಸು ಬಂದೆ.

ಮಧ್ಯಾಹ್ನ ಮೂರೂವರೆ, ಗಿರಾಕಿ ಇಲ್ಲದ ಹೊತ್ತು. ಅಣ್ಣು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಚಿಕ್ಕ ಬಾಟಲಿ. ಹಿತ್ತಲಿಗೆಲ್ಲ ಲವಂಗದ ವಾಸನೆ. ಹಲ್ಲುನೋವಿಗೆ ಹಚ್ಚುವ ಎಣ್ಣೆ ಅದು. ಎದುರಿನ ಹಲ್ಲಿನ ಡಾಕ್ಟರೂ ಮೀನು ಸಾಕುತ್ತಿದ್ದರಂತೆ. ಸ್ವಲ್ಪ ಹಾಕಿದರೆ ಮೀನು ನಿದ್ದೆ ಹೋಗುತ್ತದೆ, ಹೆಚ್ಚು ಹಾಕಿದರೆ ಏಳುವುದಿಲ್ಲ, ನೋವಿಲ್ಲ ಎಂದು ಹೇಳಿಕೊಟ್ಟಿದ್ದರು. ಅಣ್ಣು ಎಣ್ಣೆಯನ್ನು ನೀರಿನಲ್ಲಿ ಕುಲುಕಿ ಬೆಳ್ಳಗೆ ಮಾಡಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರು. ಇನ್ನೊಂದು ಕೈ ನೀರೊಳಗೆ, ಸೋನುವಿನ ಹೊಟ್ಟೆಯಡಿ. “ಪೋಡಿಯಡ ಮಗಾ, ಪೋಡಿಯಡ,” ಎನ್ನುತ್ತಿದ್ದರು. ಹೆದರಬೇಡ ಎಂದು, ತುಳುವಿನಲ್ಲಿ. ಮೀನು ಅವರ ಅಂಗೈಯ ಮೇಲೆ ಮೆಲ್ಲಗೆ ಒರಗಿತು. ಕಿವಿರು ಆಡುವುದು ನಿಂತ ಮೇಲೂ ಅರ್ಧ ಗಂಟೆ ಅವರು ಕೈ ತೆಗೆಯಲಿಲ್ಲ. ಅರೆ ಜೀವ ಇರುವಾಗಲೇ ಮಣ್ಣಿಗೆ ಹಾಕಿದಂತಾಗಬಾರದಲ್ಲ.

ನಾನು ಕಂಬದ ಹಾಗೆ ನಿಂತಿದ್ದೆ. ಅವರು ನೋಡಿದರು, ಕಣ್ಣು ಒರೆಸಿಕೊಳ್ಳಲೂ ಹೋಗಲಿಲ್ಲ.

“ನಮ್ಮ ಅಪ್ಪಂದು ರಂಪಣಿ ಬಲೆ ಅಮ್ಮ. ದಡಕ್ಕೆ ಎಳೆದರೆ ಮೀನಿನ ಗುಡ್ಡೆ. ಎಲ್ಲ ಬಾಯಿ ಬಾಯಿ ಬಿಡ್ತಿದ್ದವು. ನಾನು ಕದ್ದು ಕದ್ದು ಸಮುದ್ರಕ್ಕೆ ವಾಪಸ್ ಬಿಸಾಡ್ತಿದ್ದೆ. ಅಪ್ಪ ಚರ್ಮ ಸುಲಿದ ಹಾಗೆ ಹೊಡೆದ. ಅದಕ್ಕೇ ಓಡಿ ಬಂದದ್ದು. ಮೀನಿನ ವಾಸನೆ ಇಲ್ಲದ ಹೋಟೆಲೇ ಬೇಕು ಅಂತ ಹುಡುಕಿದ್ದು.” ಟಬ್ಬಿನ ಕಡೆ ತಿರುಗಿ ಹೇಳಿದರು, “ನನ್ನ ಕೈಯಲ್ಲಿ ಹೋದದ್ದು ಇದೇ ಮೊದಲು.”

ಕ್ಷಮಿಸಿ ಎನ್ನಬೇಕಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಪರ್ಸು ಎತ್ತಿಕೊಂಡು ಬಂದೆ. ಲೋಕಲ್ಲಿನಲ್ಲಿ ಶಾಮಲಾ ಕೇಳಿದಳು, “ಅಮ್ಮ, ಸೋನು ನಮ್ದು ಅಲ್ವಾ? ಫಿರ್ ಅಣ್ಣು ಅಂಕಲ್ ಯಾಕೆ ಮಾಡ್ಬೇಕು?” ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಎರಡು ವರ್ಷದ ಮೇಲೆ ತೊಟ್ಟಿಯ ಇನ್ನೊಂದು ಮೀನಿಗೆ ಅದೇ ರೋಗ ಬಂತು. ಅಣ್ಣುವಿನದೇ ಮೀನು, ಹಳೆಯದು. ಟಬ್ಬಿನಲ್ಲಿ ಅದು ವಾಲಿ ಬಿದ್ದು ಹತ್ತು ದಿನವಾಗಿತ್ತು. ಈ ಸಲ ನಾನೇ ದಾದರಿನಲ್ಲಿ ಲವಂಗದ ಎಣ್ಣೆ ಕೊಂಡು, ಸೀರೆಯ ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋದೆ.

“ಅಣ್ಣು, ನೀವು ಒಳಗೆ ಹೋಗಿ. ಎಷ್ಟು ಹಾಕಬೇಕು ಅಂತ ಹೇಳಿ ಸಾಕು. ಇವತ್ತು ನಾನು ಮಾಡ್ತೀನಿ.”

ಅವರು ನನ್ನ ಕೈ ನೋಡಿದರು. ಮುಚ್ಚಳ ಕೂಡ ತೆಗೆಯದೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದನ್ನು ಮೆಲ್ಲಗೆ ನನ್ನ ಬೆರಳುಗಳಿಂದ ಬಿಡಿಸಿಕೊಂಡರು.

“ಬೇಡ ಅಮ್ಮ. ನಿಮಗೆ ಅಭ್ಯಾಸ ಇಲ್ಲ. ನನಗೆ ಈಗ ಉಂಟಲ್ಲ.”

ಚುಚ್ಚಿ ಹೇಳಿದ್ದಲ್ಲ. ಚುಚ್ಚಿ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಅವರು ತೋಳು ಮಡಚಿ ಟಬ್ಬಿನ ಮುಂದೆ ಕೂತರು.