ಕ್ಯಾನಲ್ ಗುರುಲಿಂಗಪ್ಪ ಸಮುದ್ರಕ್ಕೆ ಹೋದದ್ದು

ಕೊಣ್ಣೂರಿನ ಗುರುಲಿಂಗಪ್ಪನ ಬಾಯಿಂದ "ಗೊತ್ತಿಲ್ಲ" ಅನ್ನುವ ಮಾತನ್ನು ಹೆತ್ತ ತಾಯಿಯೇ ಕೇಳಿರಲಿಲ್ಲ, ಇನ್ನು ಕಟ್ಟಿಕೊಂಡ ಹೆಂಡತಿ ಎಲ್ಲಿಂದ ಕೇಳಬೇಕು? ಬೇರೆ ವಿಷಯ ಹೋಗಲಿ ಬಿಡಿ, ನೀರಿನ ವಿಷಯದಲ್ಲಂತೂ ಆ ಮನುಷ್ಯನೆದುರು ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಮೂವತ್ತಾರು ವರ್ಷ ಘಟಪ್ರಭಾ ಕಾಲುವೆಯ ಗೇಟು ಎತ್ತಿ ಇಳಿಸಿದವನು. ಕಾಲುವೆಗೆ ಒಂದು ಕೋಲು ಅದ್ದಿ, ತೊಯ್ದ ಗುರುತು ನೋಡಿ, ಈ ನೀರು ಮೂಡಲಗಿ ಕಡೆಯ ಕೊನೆಯ ಹೊಲಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಹೇಳಿಬಿಡುತ್ತಿದ್ದ. ಅಷ್ಟೇ ಹೊತ್ತಿಗೆ ಮುಟ್ಟುತ್ತಲೂ ಇತ್ತು. ತೊಂದರೆಯಾದದ್ದೇ ಅದರಿಂದ. ಒಮ್ಮೆಯಾದರೂ ಲೆಕ್ಕ ತಪ್ಪಿದ್ದರೆ ಮನುಷ್ಯ ಸ್ವಲ್ಪ ಮೆತ್ತಗಾಗುತ್ತಿದ್ದ.

ನೀರು ಬಿಡುವ ದಿನ ಅವನು ಕಾಲುವೆಯ ಏರಿಯ ಮೇಲೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು, "ನೀರ ಬಂತೋ... ನೀರ!" ಎಂದು ಕೂಗುತ್ತಿದ್ದ. ಆ ಕೂಗು ಮಮದಾಪುರದವರೆಗೆ ಕೇಳುತ್ತಿತ್ತೆಂದು ಅವನೇ ಹೇಳುತ್ತಾನೆ. ಅದು ಸುಳ್ಳು. ಆದರೆ ಕೊಣ್ಣೂರಿನ ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಸಲಿಕೆ ಹುಡುಕುತ್ತಿದ್ದದ್ದು ಮಾತ್ರ ಖರೆ.

ಅವನ ಹೆಂಡತಿ ಶಿವಗಂಗವ್ವನಿಗೆ ಇದ್ದದ್ದು ಒಂದೇ ಆಸೆ. ಸಣ್ಣವಳಿದ್ದಾಗ ಶಾಲೆಯ ಮಾಸ್ತರು ಹೇಳಿದ್ದರಂತೆ: ಕೊಂಕಣದ ಸಮುದ್ರದಲ್ಲಿ ಒಂದು ಕೋಟೆ ಇದೆ, ಸುತ್ತ ನಾಲ್ಕೂ ಕಡೆ ಉಪ್ಪುನೀರು, ಕೋಟೆಯ ಒಳಗೆ ಮಾತ್ರ ಸಿಹಿನೀರಿನ ಬಾವಿ. ಆ ಬಾವಿಯ ನೀರು ಒಂದು ಬೊಗಸೆ ಕುಡಿಯಬೇಕು, ಅಷ್ಟೇ. ಮದುವೆಯಾದ ಹೊಸತರಲ್ಲಿ ಗಂಡನ ಮುಂದೆ ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಉಪ್ಪ ನೀರಾಗ ಸಿಹಿನೀರ ಹೆಂಗ ಬರತೈತಿ? ಮಾಸ್ತರಗ ನೀರಿನ ಬಗ್ಗೆ ಏನ ಗೊತ್ತು! ಇರ್ಲಿ, ಮುಂದಿನ ವರ್ಷ ಹೋಗಿ ನೋಡೂಣಂತ."

ಮುಂದಿನ ವರ್ಷ ಕಬ್ಬಿಗೆ ನೀರಿನ ಪಾಳಿ ಬಂತು. ಅದರ ಮುಂದಿನ ವರ್ಷ ಜೋಳಕ್ಕೆ. "ನಾ ಹೋದ್ರ ಗೇಟ ಯಾರ ಎತ್ತಾವ್ರು?" ಎಂಬ ಒಂದೇ ಮಾತಿನಲ್ಲಿ ಮೂವತ್ತಾರು ವರ್ಷ ಕಳೆದುಹೋದವು. ನಿವೃತ್ತನಾದ ಮೇಲೂ ಅವನು ದಿನಾ ಬೆಳಿಗ್ಗೆ ಕಾಲುವೆಗೆ ಹೋಗಿ ಕೋಲು ಅದ್ದಿ ಬರುತ್ತಿದ್ದ. ಶಿವಗಂಗವ್ವ ಕಾಯುವುದನ್ನು ಬಿಟ್ಟಳು. ತನ್ನ ಮಹಿಳಾ ಸಂಘದ ಹನ್ನೊಂದು ಮಂದಿಯನ್ನು ಕೂಡಿಸಿ, ಒಂದು ಕ್ರೂಸರ್ ಗಾಡಿ ಗೊತ್ತುಮಾಡಿ, ಹೊರಟೇಬಿಟ್ಟಳು. ಗಂಡಸರು ಬೇಡ ಎಂದು ಸಂಘದಲ್ಲಿ ಠರಾವು ಕೂಡ ಆಗಿತ್ತು. ಹೊರಡುವ ಹೊತ್ತಿಗೆ ನೋಡಿದರೆ ಗುರುಲಿಂಗಪ್ಪ ಹೆಗಲಿಗೆ ಟವೆಲ್ಲು, ಕಂಕುಳಲ್ಲಿ ಛತ್ರಿ ಸಮೇತ ಡ್ರೈವರನ ಬಾಜೂ ಕೂತಿದ್ದ.

"ನೀರಿದ್ದಲ್ಲಿ ಬರೇ ಹೆಂಗಸರನ್ನ ಕಳಸಾಕ ಬರಂಗಿಲ್ಲ. ತಿಳದಾವ ಒಬ್ಬ ಇರಬೇಕು," ಎಂದ.

ಹುಕ್ಕೇರಿ ದಾಟುವಷ್ಟರಲ್ಲಿ ಗೋಕಾಕ ಫಾಲ್ಸಿನ ಮಹಾಪೂರದ ಕಥೆ ಮುಗಿಸಿದ. ಅಂಬೋಲಿ ಘಾಟು ಇಳಿಯುವಾಗ ಧೂಪದಾಳ ಅಣೆಕಟ್ಟಿನ ಗೇಟುಗಳ ಕಥೆ ಶುರುಮಾಡಿದ. ಸಂಘದ ಕಾರ್ಯದರ್ಶಿ ಅರ್ಚನಾಳಿಗೆ ಘಾಟಿನ ತಿರುವುಗಳಿಗಿಂತ ಆ ಕಥೆಗಳಿಂದಲೇ ಹೆಚ್ಚು ತಲೆ ತಿರುಗಿತು.

ದಂಡೆಗೆ ಬಂದಾಗ ಹತ್ತೂವರೆ. ಎದುರಿಗೆ ನೀರು, ನೀರು, ನೀರು. ಅದರ ನಡುವೆ ಕಪ್ಪು ಕೋಟೆ. ಶಿವಗಂಗವ್ವ ಕೋಟೆಯನ್ನೇ ನೋಡುತ್ತ ನಿಂತುಬಿಟ್ಟಳು. ಉಳಿದವರು ಕೆಂಪು ಏಡಿಗಳನ್ನು ಕಂಡು ಕಿರುಚುತ್ತ ಸೀರೆ ಎತ್ತಿಕೊಂಡು ಓಡಾಡಿದರು. ಗುರುಲಿಂಗಪ್ಪ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಇಷ್ಟು ನೀರಿಗೆ ಒಂದೂ ಗೇಟಿಲ್ಲವಲ್ಲ! ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಅಲೆ ಬಂದು ಮುಟ್ಟುವಲ್ಲಿ ಛತ್ರಿಯನ್ನು ಮರಳಿಗೆ ಊರಿ, ಅಳತೆ ಶುರುಮಾಡಿದ.

ದೋಣಿಯವನ ಹೆಸರು ಕೇದಾರಿ. ನಮ್ಮ ಕಡೆಯವರು ಬಂದು ಬಂದು ಅವನಿಗೂ ಕನ್ನಡ ಕಲಿಸಿಬಿಟ್ಟಿದ್ದರು. ಅವತ್ತು ಜನ ಬಹಳ. ಸಂಘದವರಿಗೆ ಮೂರು ಗಂಟೆಯ ದೋಣಿ ಸಿಕ್ಕಿತು, ಅದೇ ಕೊನೆಯದು. ರಾತ್ರಿಯೊಳಗೆ ಕ್ರೂಸರ್ ಊರು ಮುಟ್ಟಬೇಕು. ಅಂದರೆ ಮೂರಕ್ಕೆ ದೋಣಿ ತಪ್ಪಿದರೆ ಶಿವಗಂಗವ್ವನ ಕೋಟೆಯೂ ತಪ್ಪಿತು.

ರೊಟ್ಟಿ, ಶೇಂಗಾ ಚಟ್ನಿ ತಿಂದಾದ ಮೇಲೂ ಎರಡು ತಾಸು ಉಳಿದಿತ್ತು. ಅಷ್ಟರಲ್ಲಿ ನೀರು ಛತ್ರಿಯನ್ನು ಬಿಟ್ಟು ಮೂವತ್ತು ಹೆಜ್ಜೆ ಹಿಂದೆ ಸರಿದಿತ್ತು. ದೂರದ ಬಂಡೆಗಳ ಹತ್ತಿರ, ಯಾವ ಕಾಲದಲ್ಲೋ ಒಡೆದು ಮುಳುಗಿದ ಒಂದು ಹಡಗು ಕಾಣಿಸಿಕೊಂಡಿತು. ಅಲ್ಲಿಯವರೆಗೂ ಒದ್ದೆ ಮರಳಿನ ದಾರಿ.

"ಬಾ, ಆ ಹಡಗ ನೋಡಿ ಬರೂಣು. ಸಾಗವಾನಿ ಇದ್ದಂಗೈತಿ," ಎಂದ ಹೆಂಡತಿಗೆ.

ಕೇದಾರಿ ಅಡ್ಡ ಬಂದ. "ಕಾಕಾ, ಹೋಗಬ್ಯಾಡ್ರಿ. ಈಗ ಭರತಿ ಶುರು ಆಗತೈತಿ, ನೀರ ಏರತೈತಿ."

"ಇವತ್ತ ಸಪ್ತಮಿ. ಸಮುದ್ರ ಉಕ್ಕೂದು ಹುಣ್ಣಿಮಿಗೆ. ಅದಕ್ಕಿನ್ನೂ ಎಂಟ ದಿನ ಐತಿ."

"ಅದು ದೊಡ್ಡ ಭರತಿ. ಸಣ್ಣದು ದಿನಾ ಎರಡ ಸಲ ಬರತೈತಿ, ಕಾಕಾ."

"ಬೆಳಿಗ್ಗಿಂದ ಅಳದೇನಿ, ನೀರ ಇಳಿಯಾಕತ್ತೈತಿ. ಇಳಿಯಾಕತ್ತಿದ್ದ ನೀರ ಸುಮ್ಮಸುಮ್ಮನ ಏರಂಗಿಲ್ಲ, ಮ್ಯಾಲಿಂದ ಯಾರರ ಬಿಡಬೇಕು. ಯಾರ ಬಿಡ್ತಾರ ಹೇಳು?"

"ಚಂದ್ರ," ಎಂದ ಕೇದಾರಿ.

ಗುರುಲಿಂಗಪ್ಪ ಸುತ್ತಲಿದ್ದವರಿಗೆಲ್ಲ ಕೇಳುವಂತೆ ನಕ್ಕ. "ಚಂದ್ರಗ ಆರ್ಡರ್ ಯಾರ ಕೊಡ್ತಾರ? ಆರ್ಡರ್ ಇಲ್ಲದ ಹನಿ ನೀರ ಬಿಡಾಕ ಬರಂಗಿಲ್ಲಪಾ ತಮ್ಮಾ!"

ಅವನು ನಡೆದೇಬಿಟ್ಟ. ಶಿವಗಂಗವ್ವ ಉಳಿದ ರೊಟ್ಟಿಯ ಗಂಟು ಎತ್ತಿಕೊಂಡು ಬೆನ್ನುಹತ್ತಿದಳು. "ನಿಮ್ಮ ಮಾತ ಕೇಳಿ ಬರಾಕತ್ತಿಲ್ಲ. ಮೂರರೊಳಗ ನಿಮ್ಮನ್ನ ಎಳಕೊಂಡ ಬರಾಕ ಬರಾಕತ್ತೇನಿ," ಎಂದಳು.

ಹಡಗಿನಲ್ಲಿ ಉಳಿದಿದ್ದದ್ದು ಪಕ್ಕೆಲುಬಿನಂಥ ನಾಲ್ಕಾರು ತೊಲೆಗಳು, ಒಂದು ತುಕ್ಕು ಹಿಡಿದ ಸರಪಳಿ, ಸಾವಿರಾರು ಚಿಪ್ಪುಗಳು. ಗುರುಲಿಂಗಪ್ಪ ಒಂದೊಂದು ತೊಲೆಯನ್ನೂ ಬೆರಳಿನಿಂದ ಬಡಿದು, ಈ ಹಡಗು ಯಾಕೆ ಮುಳುಗಿತೆಂದು ವಿವರಿಸತೊಡಗಿದ. ನಡೆಸುವವನಿಗೆ ನೀರಿನ ಜ್ಞಾನ ಇರಲಿಲ್ಲ, ಸ್ಥಳದವರ ಮಾತು ಕೇಳಲಿಲ್ಲ, ಜಂಬ ಮಾಡಿದ, ಅದಕ್ಕೇ ಮುಳುಗಿತು. ಶಿವಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ರೀ, ನಾವು ನಡಕೊಂತ ಬಂದ ದಾರಿ ಎಲ್ಲೈತ್ರಿ?" ಎಂದಳು.

ತಿರುಗಿ ನೋಡಿದರೆ ದಾರಿ ಇಲ್ಲ. ಮರಳು ಇದ್ದಲ್ಲೆಲ್ಲ ನೀರು. ಅಳತೆಗೆ ಊರಿದ್ದ ಛತ್ರಿ ತೇಲುತ್ತ ತೇಲುತ್ತ ಅವರ ಪಕ್ಕದಲ್ಲೇ ಹಾದುಹೋಯಿತು.

"ಯಾರ ಬಿಟ್ರು ಈ ನೀರ?" ಎಂದು ಅವನು ಕೂಗಿಕೊಂಡ.

"ಚಂದ್ರ ಬಿಟ್ಟಾನ. ಆರ್ಡರ್ ತೋರಸು ಅಂತ ಕೇಳ್ರಿ," ಎಂದಳು ಶಿವಗಂಗವ್ವ.

ಇಬ್ಬರೂ ಎತ್ತರದ ಬಂಡೆ ಹತ್ತಿದರು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಶಿವಗಂಗವ್ವ ರೊಟ್ಟಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ಗುರುಲಿಂಗಪ್ಪನಿಗೆ ಜೀವ ಹಾರಿಹೋಗುವಷ್ಟು ಹೆದರಿಕೆಯಾಗಿತ್ತು. ಅವನಿಗೆ ಈಜು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಂಜಬ್ಯಾಡ," ಎಂದ.

"ನೀರಿಗೆ ನಾ ಅಂಜಿಲ್ಲ. ಅಲ್ಲಿ ನೋಡ್ರಿ, ಮೂರರ ದೋಣಿ ಹೊಂಟೈತಿ. ಇನ್ನೊಂದ ಮೂವತ್ತಾರ ವರ್ಷ ನಾ ಎಲ್ಲಿಂದ ತರ್ಲಿ?"

ಆ ಮಾತು ಗುರುಲಿಂಗಪ್ಪನಿಗೆ ಚುಚ್ಚಿತು. ಇವಳಿಗಾಗಿ ತಾನು ಒಂದೇ ಒಂದು ದಿನವೂ ಗೇಟು ಬಿಟ್ಟು ಹೋಗಲಿಲ್ಲ, ಕೊನೆಗೆ ಅವಳೇ ದಾರಿ ಮಾಡಿಕೊಂಡು ಬಂದರೆ ಅದಕ್ಕೂ ಅಡ್ಡಬಂದೆ ಎಂದು ನಾಚಿಕೆಯಾಯಿತು. ದೋಣಿ ದಂಡೆ ಬಿಟ್ಟು ಕೋಟೆಯತ್ತ ತಿರುಗಿತ್ತು. ಟವೆಲ್ಲು ಬೀಸಿದ. ಯಾರೂ ನೋಡಲಿಲ್ಲ. "ಕಾಪಾಡ್ರಿ" ಎಂದು ಕೂಗಬೇಕೆಂದುಕೊಂಡ. ಹುಟ್ಟಿದಾಗಿನಿಂದ ಆಡದ ಮಾತು, ಗಂಟಲಿನಲ್ಲೇ ಕೂತಿತು. ಎರಡೂ ಕೈ ಬಾಯಿಗೆ ಹಿಡಿದಾಗ ತಾನಾಗಿ ಹೊರಬಂದದ್ದು ಬೇರೆಯೇ.

"ನೀರ ಬಂತೋ... ನೀರ!"

ದೋಣಿಯಲ್ಲಿದ್ದ ಹನ್ನೊಂದು ಮಂದಿ ಹೆಂಗಸರೂ ಒಮ್ಮೆಲೇ ಎದ್ದುನಿಂತರು. ಶಿವಗಂಗಕ್ಕನೂ ಕಾಕಾನೂ ಹಡಗಿನಿಂದ ಆಗಲೇ ತಿರುಗಿ ಬಂದು, ಜಗಳಾಡಿ ಮುನಿಸಿಕೊಂಡು ಗಾಡಿಗೆ ಹೋಗಿ ಕೂತಿದ್ದಾರೆಂದು ಅವರೂ ಕೇದಾರಿಯೂ ತಿಳಿದಿದ್ದರು. ದೋಣಿ ಒಂದು ಕಡೆ ವಾಲಿತು. "ಕೂಡ್ರಿ, ಕೂಡ್ರಿ!" ಎಂದು ಕೇದಾರಿ ಬೊಬ್ಬೆ ಹೊಡೆದ. "ಅದು ನಮ್ಮ ಕ್ಯಾನಲ್ ಕಾಕಾನ ದನಿ! ತಿರಗಸೋ ದೋಣಿ!" ಎಂದಳು ಅರ್ಚನಾ.

ಕೇದಾರಿ ದೋಣಿ ತಂದು ಹಗ್ಗ ಎಸೆದ. ಮೊದಲು ರೊಟ್ಟಿಯ ಗಂಟು ಹತ್ತಿತು, ಆಮೇಲೆ ಶಿವಗಂಗವ್ವ, ಕೊನೆಗೆ ಸೊಂಟದವರೆಗೆ ತೊಯ್ದ ಗುರುಲಿಂಗಪ್ಪ.

"ಆರ್ಡರ್ ಬಂತೇನ್ರಿ, ಕಾಕಾ?" ಎಂದ ಕೇದಾರಿ.

ಕೋಟೆಯ ಬಾಗಿಲು ಬರುವತನಕ ಗುರುಲಿಂಗಪ್ಪನ ಧೋತರದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಶಿವಗಂಗವ್ವ ಗೋಡೆ ನೋಡಲಿಲ್ಲ, ಬುರುಜು ನೋಡಲಿಲ್ಲ. ಕೇಳುತ್ತ ಕೇಳುತ್ತ ಸೀದಾ ಬಾವಿಗೆ ಹೋದಳು. ಹಗ್ಗದ ಬಿಂದಿಗೆ ಇತ್ತು. ತಾನೇ ಸೇದಿದಳು. ಒಂದು ಬೊಗಸೆ ಕುಡಿದು ಕಣ್ಣು ಮುಚ್ಚಿದಳು. ಆಮೇಲೆ ಬಿಂದಿಗೆಯನ್ನು ಗಂಡನ ಕಡೆ ಬಗ್ಗಿಸಿದಳು.

ಗುರುಲಿಂಗಪ್ಪ ಕುಡಿದ. ನಾಲಿಗೆಯ ಮೇಲೆ ಹೊರಳಿಸಿ ಮತ್ತೊಮ್ಮೆ ಕುಡಿದ. ಸಿಹಿ! ಕೊಣ್ಣೂರಿನ ನಲ್ಲಿಯ ನೀರಿಗಿಂತ ಸಿಹಿ. ಬಾವಿಯೊಳಗೆ ಇಣುಕಿದ, ಗೋಡೆಯಾಚೆಯ ಸಮುದ್ರದ ಸದ್ದು ಕೇಳಿದ, ಮತ್ತೆ ಇಣುಕಿದ. ಸಂಘದವರೆಲ್ಲ ಸುತ್ತ ನಿಂತು ಪಾಠ ಶುರುವಾಗುವುದನ್ನು ಕಾಯುತ್ತಿದ್ದರು.

"ಹೇಳ್ರಿ," ಎಂದಳು ಶಿವಗಂಗವ್ವ. "ಉಪ್ಪ ನೀರಾಗ ಸಿಹಿನೀರ ಹೆಂಗ ಬಂತು?"

ಗುರುಲಿಂಗಪ್ಪ ಒದ್ದೆ ಟವೆಲ್ಲನ್ನು ಹಿಂಡಿದ, ಕೊಡವಿದ, ಹೆಗಲಿಗೆ ಹಾಕಿಕೊಂಡ.

"ನನಗ ಗೊತ್ತಿಲ್ಲ."

ಅರ್ಚನಾ ನಗಲು ಶುರುಮಾಡಿದಳು, ಉಳಿದವರೂ ಕೂಡಿಕೊಂಡರು. ಶಿವಗಂಗವ್ವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಸೆರಗು ಸರಿಮಾಡಿಕೊಂಡು ಬಾವಿಯ ಕಟ್ಟೆಯ ಮೇಲೆ ಆರಾಮಾಗಿ ಕೂತಳು.

"ಗದ್ದಲದಾಗ ಕೇಳಿಸಲಿಲ್ಲ," ಎಂದಳು. "ಇನ್ನೊಮ್ಮೆ ಹೇಳ್ರಿ."